ಸೇವೆಯಲ್ಲಿ ಮರೆಯ ಮರ್ಯಾದೆ

ಇಷ್ಟಲಿಂಗವನ್ನು ಧರಿಸಿದ ಭಕ್ತನು ಅದನ್ನು ಕರಡಿಗೆಯಲ್ಲಿರಿಸಿ, ಶಿವದಾರದಿಂದ ಕೊರಳಿಗೆ ಕಟ್ಟಿ, ಎದೆಯ ಮೇಲೆ ಅಂಗಿಯ ಒಳಗೆ ಇಟ್ಟುಕೊಳ್ಳುವನು. ಪೂಜೆಯ ವೇಳೆಗೆ ಮಾತ್ರ ಅದು ಕರಸ್ಥಲಕ್ಕೆ ಬರುವುದು. ಆಗಲೂ ಮನೆಯ ಮಂದಿ ಪೂಜೆಗೆ ಕುಳಿತವನ ಅಂಗೈಯನ್ನು ಇಣುಕಿ ನೋಡುವುದಿಲ್ಲ. 'ನಿನ್ನ ಲಿಂಗವನ್ನು ಒಮ್ಮೆ ತೋರಿಸು' ಎಂದು ನೆರೆಯವನು ಕೇಳುವುದಿಲ್ಲ. ಗುಡಿಯ ಮೂರ್ತಿಯನ್ನು ಸಾವಿರ ಜನರು ಒಟ್ಟಿಗೆ ನೋಡಬಹುದು; ಅಂಗೈಯ ಲಿಂಗವನ್ನು ನೋಡುವವನು ಒಬ್ಬನೇ. ಮನುಷ್ಯನು ಎಷ್ಟೇ ಬಡವನಾಗಿರಲಿ, ಎಷ್ಟೇ ಅಶಕ್ತನಾಗಿರಲಿ, ಅನ್ಯರ ದೃಷ್ಟಿ ಹೊಗಲಾಗದ ಒಂದು ತಾಣ ಅವನಿಗೆ ಉಂಟೆಂಬ ಭಾವನೆ ಈ ಆಚಾರದ ಬೆನ್ನಿಗಿದೆ. ಭಕ್ತರು ಇದನ್ನು ದಿನವೂ ಆಚರಿಸುತ್ತಾರೆ. ಆಚರಿಸುವುದರಿಂದಲೇ ಇದರ ಅರ್ಥವನ್ನು ವಿಚಾರಿಸುವುದನ್ನು ಮರೆತಿರುತ್ತಾರೆ.

ಇಲ್ಲಿ ವಿಚಾರಣೀಯವಾದ ಸಂಗತಿ ಒಂದುಂಟು. ಈ ಮರೆಯ ತಾಣವು ಮಾತು ಬಲ್ಲವನಿಗೆ ಮಾತ್ರವೋ? 'ನೋಡಬೇಡಿ' ಎಂದು ಹೇಳಲಾರದವನಿಗೆ, ಬಾಗಿಲನ್ನು ತಾನಾಗಿ ಮುಚ್ಚಿಕೊಳ್ಳಲಾರದವನಿಗೆ, ಅನ್ನಕ್ಕೂ ಸ್ನಾನಕ್ಕೂ ಪರರ ಕೈಯನ್ನೇ ನೆಚ್ಚಿರುವವನಿಗೆ ಅದು ಇಲ್ಲವೋ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸುಲಭವೆಂದು ತೋರುವುದು. ಆದರೆ ಲೋಕದ ನಡೆ ಆ ಉತ್ತರಕ್ಕೆ ಅನುಗುಣವಾಗಿಲ್ಲ. ಅದನ್ನು ತಿಳಿಯುವುದಕ್ಕೆ ಕೊಕ್ಕಡದಂಥ ಊರಿನ ವೃತ್ತಾಂತವನ್ನು ನೋಡಬೇಕು.

ಕೊಕ್ಕಡವು ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಒಂದು ಗ್ರಾಮ. ಘಟ್ಟದ ಮೇಲಿನ ಯಾತ್ರಿಕರು ಅದರ ಸಮೀಪದ ಸೌತಡ್ಕವನ್ನು ಬಲ್ಲರು. ಅಲ್ಲಿ ಗಣಪತಿಯು ಗರ್ಭಗುಡಿಯಿಲ್ಲದೆ, ಮಾಡಿಲ್ಲದೆ, ಬಯಲಿನಲ್ಲಿಯೇ ಕುಳಿತಿದ್ದಾನೆ. ಹರಕೆಯ ಗಂಟೆಗಳು ಸುತ್ತಲೂ ತೂಗುತ್ತವೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಕೊಕ್ಕಡದ ಹೆಸರು ನಾಡಿನ ಪತ್ರಿಕೆಗಳಲ್ಲಿ ಬಂದುದು ದೇವರಿಗಾಗಿ ಅಲ್ಲ, ವಿಷಕ್ಕಾಗಿ. ಕೊಕ್ಕಡ, ಪಟ್ರಮೆ, ನಿಡ್ಲೆ ಮೊದಲಾದ ಗ್ರಾಮಗಳ ಗುಡ್ಡಗಳಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳಿವೆ. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಕರಕಲು ಮಾಡುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕಾಗಿ 1980ರ ದಶಕದಿಂದ 2000ದ ಸುಮಾರಿನವರೆಗೆ ಆ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗೇರುಮರ ಗುಡ್ಡದ ಮೇಲೆ, ಮನೆ ಗುಡ್ಡದ ಬುಡದಲ್ಲಿ, ಬಾವಿ ಮನೆಯ ಅಂಗಳದಲ್ಲಿ. ಗಾಳಿಗೆ ಬೇಲಿಯುಂಟೆ? ತೋಡಿನ ನೀರಿಗೆ ಮುಚ್ಚಳವುಂಟೆ? ಘಟ್ಟದ ಕೆಳಗಿನ ಗಡಿಯಾಚೆ, ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗ ಮುಂತಾದ ಕಡೆಗಳಲ್ಲಿಯೂ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ತೋಟಗಳಲ್ಲಿ ಇದೇ ಕಾರ್ಯ 1970ರ ದಶಕದಿಂದ ನಡೆಯಿತು. ಕಾಲಾಂತರದಲ್ಲಿ ಈ ಊರುಗಳಲ್ಲಿ ಕೈಕಾಲು ತಿರುಚಿದ, ಮಾತು ಬಾರದ, ಬುದ್ಧಿ ಬೆಳೆಯದ, ಅಪಸ್ಮಾರದಿಂದ ನರಳುವ ಮಕ್ಕಳು ಮನೆಮನೆಗೆ ಕಾಣಿಸಿಕೊಂಡರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳ ಸಭೆಯು ಎಂಡೋಸಲ್ಫಾನನ್ನು ಸ್ಟಾಕ್‌ಹೋಮ್ ಒಪ್ಪಂದದ ವರ್ಜ್ಯಪಟ್ಟಿಗೆ ಸೇರಿಸಿತು; ಅದೇ ವರ್ಷದ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದು ಆಜ್ಞೆಯಿತ್ತಿತು. ಸರಕಾರದಿಂದ ಮಾಸಾಶನ ಬಂದಿತು. ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲು ಹೊತ್ತು ನೋಡಿಕೊಂಡು ಸಂಜೆ ಮನೆಗೆ ಕಳುಹಿಸುವ ಪಾಲನಾ ಕೇಂದ್ರಗಳು ತೆರೆಯಲ್ಪಟ್ಟುವು.

ಆಗಿನ ಮಕ್ಕಳು ಈಗ ಮಕ್ಕಳಲ್ಲ. 1985ರಲ್ಲಿ ಹುಟ್ಟಿದವನಿಗೆ ಈಗ ನಲವತ್ತು ಮೀರಿದೆ. ಗಡ್ಡದಲ್ಲಿ ನರೆ ಇಣುಕಿದೆ. ಆದರೂ ಊರವರ ಬಾಯಲ್ಲಿ ಅವನು 'ಪಾಪದ ಮಗು' ಎಂದೇ ಇದ್ದಾನೆ. ಈ ಮಾತಿಗೆ ಮುಂದೆ ಬರಬೇಕಾಗುವುದು.

ಒಂದು ವಿವೇಚನೆಯನ್ನು ಮೊದಲೇ ಮಾಡಿಕೊಳ್ಳುವುದು ಲೇಸು. ವಿಷದಿಂದ ಬಾಧಿತರಾದವರ ಅಂಗವೈಕಲ್ಯ ಬೇರೆ, ಆಟಿಸಂ ಎಂದು ವೈದ್ಯರು ಹೇಳುವ ಸ್ಥಿತಿ ಬೇರೆ. ಆಟಿಸಂ ವ್ಯಾಧಿಯಲ್ಲ, ಮಿದುಳಿನ ಬೆಳವಣಿಗೆಯ ಒಂದು ಭಿನ್ನ ಬಗೆ. 1943ರಲ್ಲಿ ಅಮೆರಿಕೆಯ ವೈದ್ಯ ಲಿಯೋ ಕ್ಯಾನರ್ ಅದನ್ನು ಹನ್ನೊಂದು ಮಕ್ಕಳಲ್ಲಿ ಕಂಡು ವರ್ಣಿಸಿದನು. ಒಂದನ್ನು ಇನ್ನೊಂದೆಂದು ಬಗೆಯುವುದು ತಪ್ಪು. ಆದರೆ ಹಳ್ಳಿಯ ಕಡೆಗಳಲ್ಲಿ ಇವರೆಲ್ಲರಿಗೂ ಒದಗುವ ಸೂರು ಬಹುಮಟ್ಟಿಗೆ ಒಂದೇ. ಅದೇ ಕೋಣೆ, ಅದೇ ಚಾಪೆ, ಅದೇ ಆರೈಕೆಯವರು. ಕನ್ನಡದಲ್ಲಿ ಆಟಿಸಂ ಎಂಬುದಕ್ಕೆ 'ಸ್ವಲೀನತೆ' ಎಂಬ ಶಬ್ದವನ್ನು ರೂಢಿಸಿದ್ದಾರೆ. ತನ್ನಲ್ಲಿ ತಾನು ಲೀನನಾದವನು ಸ್ವಲೀನ. ಶಬ್ದ ಸುಂದರವಾಗಿದೆ; ಸೌಂದರ್ಯದಿಂದಲೇ ಮೋಸವನ್ನೂ ಮಾಡುತ್ತದೆ. ಲಿಂಗದಲ್ಲಿ ಲೀನನಾದ ಶರಣನನ್ನು ನೆನೆಯುವ ಭಕ್ತನು ಇವನನ್ನೂ ಒಬ್ಬ ಯೋಗಿಯೆಂದು ಭ್ರಮಿಸಿ ಕೈಮುಗಿಯಬಹುದು. ಕೈಮುಗಿದು ಹೊರಟುಹೋಗುವುದು ಸುಲಭ. ಅವನು ಯೋಗಿಯಲ್ಲ, ಲೋಕದ ಸದ್ದು, ಬೆಳಕು, ಸ್ಪರ್ಶಗಳು ಇತರರಿಗೆ ತಗಲುವುದಕ್ಕಿಂತ ಅವನಿಗೆ ಬಲವಾಗಿ ತಗಲುವುವು. ಹೊರಗಿನಿಂದ ಒಳಸರಿಯುವುದು ಅನೇಕ ವೇಳೆ ಅವನ ಸಾಧನೆಯಲ್ಲ, ಅವನ ಆಶ್ರಯ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಬಯಲುಸೀಮೆಯಲ್ಲಿ ಮನೆಗೆ ಮನೆ ಗೋಡೆ ತಾಗಿರುತ್ತದೆ, ತುಳುನಾಡಿನಲ್ಲಿ ಹಾಗಲ್ಲ. ಒಂದು ಮನೆ, ಅದರ ಸುತ್ತ ಅಡಕೆ ತೋಟ, ಆ ಬಳಿಕ ಗುಡ್ಡ, ಗುಡ್ಡ ದಾಟಿದರೆ ಇನ್ನೊಂದು ಮನೆ. ಅಂಥ ಒಂಟಿಮನೆಯಲ್ಲಿ ಮೂವತ್ತು ವರ್ಷದ ಮಗನೊಬ್ಬನಿದ್ದಾನೆ. ಮಾತಿಲ್ಲ. ತಾಯಿಯ ಹೆಜ್ಜೆಯ ಸದ್ದು, ಮಳೆಗಾಲದಲ್ಲಿ ಹಂಚಿನ ಮೇಲೆ ನೀರು ಸುರಿಯುವ ಸದ್ದು, ದನದ ಕೊರಳ ಗಂಟೆ, ಇಷ್ಟೇ ಅವನ ಪ್ರಪಂಚ. ಒಂದು ದಿನ ಅವನನ್ನು ವ್ಯಾನಿನಲ್ಲಿ ಕೂರಿಸಿ ನೂರು ಸದ್ದುಗಳಿರುವ ಒಂದು ದೊಡ್ಡ ಕೋಣೆಗೆ ಕರೆತರುತ್ತಾರೆ. ಅಲ್ಲಿ ಒಬ್ಬನು ಅಳುತ್ತಾನೆ, ಇನ್ನೊಬ್ಬಳು ತಟ್ಟೆ ಬಡಿಯುತ್ತಾಳೆ, ಟೀವಿಯಲ್ಲಿ ಹಾಡು ಬರುತ್ತಿದೆ. ಅವನು ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯುತ್ತಾನೆ; ಗೋಡೆಯ ಕಡೆಗೆ ಮುಖಮಾಡಿ ಕುಳಿತುಕೊಳ್ಳುತ್ತಾನೆ. ಆಗ ಒಳ್ಳೆಯ ಮನಸ್ಸಿನ ಯಾರೋ ಒಬ್ಬರು ಬಂದು, 'ಅಲ್ಲಿ ಏಕೆ ಒಬ್ಬನೇ ಕುಳಿತೆ, ಬಾ, ಎಲ್ಲರೊಡನೆ ಕೂರು' ಎಂದು ತೋಳು ಹಿಡಿದು ಎಳೆಯುತ್ತಾರೆ. ಅವನು ಕೂಗುತ್ತಾನೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ. 'ಇವನಿಗೆ ಜನರೊಂದಿಗೆ ಬೆರೆಯಲು ಬಾರದು' ಎಂದು ಪುಸ್ತಕದಲ್ಲಿ ಬರೆಯಲಾಗುತ್ತದೆ.

ಬೆರೆಯಲು ಬಾರದವರು ಯಾರು? 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಆಂಗ್ಲ ಸಮಾಜಶಾಸ್ತ್ರಜ್ಞನು ಈ ವಿಷಯವನ್ನು ತಿರುವಿ ನೋಡಿದನು. ಅವನು ಸ್ವತಃ ಆಟಿಸಂ ಉಳ್ಳವನು. ಆಟಿಸಂ ಉಳ್ಳವನಿಗೆ ಇತರರ ಮನಸ್ಸು ತಿಳಿಯದು ಎನ್ನುವಿರಿ; ಇತರರಿಗೆ ಅವನ ಮನಸ್ಸು ತಿಳಿಯದಿರುವುದನ್ನು ಏಕೆ ಎಣಿಸುವುದಿಲ್ಲ? ಅರಿಯದಿರುವಿಕೆ ಎರಡು ಕಡೆಯದು. ದೋಷವನ್ನು ಮಾತ್ರ ಒಂದೇ ಕಡೆಗೆ ಹೊರಿಸಲಾಗಿದೆ. ಅವನ ವಾದದ ಸಾರ ಇಷ್ಟು. ಗೋಡೆಗೆ ಮುಖಮಾಡಿ ಕುಳಿತವನು ಒಂದು ಮಾತನ್ನು ಹೇಳಿಯೇ ಇದ್ದನು. ಅದನ್ನು ಕೇಳಿಸಿಕೊಳ್ಳದೆ ತೋಳು ಹಿಡಿದವರೇ ಅಲ್ಲಿ ಕಿವುಡರು.

ಇದು ಸಂಗದ ನಿಂದೆಯಲ್ಲ. ಶರಣರ ಮಾರ್ಗದಲ್ಲಿ ಸಂಗಕ್ಕೆ ಇರುವ ಸ್ಥಾನವನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಒಂಟಿಮನೆಯಲ್ಲಿ ದಿನವಿಡೀ ಮಲಗಿದ್ದವನಿಗೆ ನಾಲ್ಕು ಜನರ ಮುಖ ಕಾಣುವಂತಾದುದು, ಅವನ ತಾಯಿಗೆ ಹಗಲಿನಲ್ಲಿ ಕೂಲಿಗೆ ಹೋಗುವ ಅವಕಾಶವಾದುದು ಸಣ್ಣ ಉಪಕಾರವಲ್ಲ. ಆದರೆ ಸಂಗದ ಸುಖವು ಅದರಿಂದ ಏಳುವ ಸ್ವಾತಂತ್ರ್ಯದಲ್ಲಿದೆ. ಮದುವೆಯ ಮನೆಯಲ್ಲಿ ಬೇಸರವಾದ ಗೃಹಸ್ಥನು ಜಗಲಿಗೆ ಹೋಗಿ ಎಲೆಯಡಕೆ ಹಾಕಿಕೊಂಡು ಕುಳಿತರೆ ಯಾರೂ ಅವನ ತೋಳನ್ನು ಹಿಡಿದು ಎಳೆಯುವುದಿಲ್ಲ. ಆ ಜಗಲಿ ಕೇಂದ್ರದಲ್ಲಿಯೂ ಇರಬೇಕು: ಸದ್ದಿಲ್ಲದ, ಮಂದ ಬೆಳಕಿನ ಒಂದು ಚಿಕ್ಕ ಕೋಣೆ, ಅಥವಾ ಕೋಣೆ ಕಟ್ಟಿಸಲು ಹಣವಿಲ್ಲವಾದರೆ ಒಂದು ಪರದೆ. ಅಷ್ಟೂ ಇಲ್ಲವಾದರೆ ಗೋಡೆಯ ಬದಿಯ ಒಂದು ಚಾಪೆ. ಅಲ್ಲಿ ಕುಳಿತವನನ್ನು ಯಾರೂ ಕರೆಯಬಾರದೆಂಬ ನಿಯಮ. ಇದಕ್ಕೆ ಸರಕಾರದ ಅನುದಾನ ಬೇಕಾಗಿಲ್ಲ.

ಇನ್ನು ಕಠಿಣವಾದ ಭಾಗ. ಇಂಥ ಕೇಂದ್ರಗಳಿಗೆ ದರ್ಶನಾರ್ಥಿಗಳು ಬರುತ್ತಾರೆ. ಇದು ಕೊಕ್ಕಡದ ಮಾತಲ್ಲ, ಯಾವುದೊಂದು ಸಂಸ್ಥೆಯ ಮೇಲೆ ಹೊರಿಸುವ ದೋಷವೂ ಅಲ್ಲ. ನಾಡಿನ ಎಲ್ಲ ಅನಾಥಾಲಯ, ವೃದ್ಧಾಶ್ರಮ, ವಿಶೇಷ ಶಾಲೆಗಳಲ್ಲಿ ಬಹುಕಾಲದಿಂದ ಬೆಳೆದುಬಂದ ಪದ್ಧತಿ. ಮಗನ ಹುಟ್ಟುಹಬ್ಬ, ತಂದೆಯ ಪುಣ್ಯತಿಥಿ, ಸಂಘದ ವಾರ್ಷಿಕೋತ್ಸವ. ಬಾಳೆಹಣ್ಣಿನ ಗೊನೆ, ಬಿಸ್ಕತ್ತಿನ ಪೊಟ್ಟಣ, ಒಂದು ಹಾರ. ಕೂರಿಸಿದ ಸಾಲು. ಬಾಳೆಹಣ್ಣನ್ನು ಕೊಡುವ ಕೈ ಒಂದು ಕ್ಷಣ ನಿಲ್ಲುತ್ತದೆ, ಮುಖ ಕ್ಯಾಮೆರಾದ ಕಡೆಗೆ ತಿರುಗುತ್ತದೆ, ಅನಂತರ ಹಣ್ಣು ಕೈಬಿಡುತ್ತದೆ. ಹಿಂದೆ ಅದು ವೃತ್ತಪತ್ರಿಕೆಯ ಮೂರನೆಯ ಪುಟಕ್ಕೆ ಮುಗಿಯುತ್ತಿತ್ತು. ಈಗ ಫೋನಿನಿಂದ ಫೋನಿಗೆ ಹಾರಿ ಸಂಜೆಯೊಳಗೆ ದುಬೈಯ ನೆಂಟರನ್ನೂ ಮುಟ್ಟುತ್ತದೆ. ಹಣ್ಣು ತಿಂದವನ ಜೊಲ್ಲು, ಜಾರಿದ ಬಟ್ಟೆ, ಬೆದರಿದ ಕಣ್ಣು ಎಲ್ಲವೂ ಅದರಲ್ಲಿರುತ್ತವೆ. ಆ ಚಿತ್ರವನ್ನು ಮರಳಿ ಪಡೆಯುವ ಉಪಾಯ ಯಾರಲ್ಲಿಯೂ ಇಲ್ಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ, ಅದು ದುರ್ಬಲವಾದುದಲ್ಲ. ತೋರಿಸದೆ ಇದ್ದಿದ್ದರೆ ಏನಾಗುತ್ತಿತ್ತು? ಕಾಸರಗೋಡಿನಲ್ಲಿ 1979ರಷ್ಟು ಹಿಂದೆಯೇ ಪತ್ರಕರ್ತ ಶ್ರೀ ಪಡ್ರೆಯವರು ಕಾಲು ತಿರುಚಿ ಹುಟ್ಟಿದ ಕರುಗಳನ್ನು ಕುರಿತು ಬರೆದರು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳಲ್ಲಿ ಕಂಡುದನ್ನು ಲೋಕಕ್ಕೆ ತಿಳಿಸಿದರು. ಬಹುಕಾಲ ಯಾರೂ ಕಿವಿಗೊಡಲಿಲ್ಲ. ಅಕ್ಷರಕ್ಕೆ ಕರಗದ ಜನ ಕೊನೆಗೆ ಛಾಯಾಚಿತ್ರಕ್ಕೆ ಕರಗಿದರು. ಆ ಮಕ್ಕಳ ಚಿತ್ರಗಳು ದೇಶವನ್ನೂ ಪರದೇಶವನ್ನೂ ಸುತ್ತಿದುವು; ಸಭೆಗಳು ನಡೆದುವು; ನ್ಯಾಯಾಲಯಗಳ ಬಾಗಿಲು ತೆರೆಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಕೊಕ್ಕಡದ ತಾಯಂದಿರೂ ತಮ್ಮ ಮಕ್ಕಳನ್ನು ಎತ್ತಿಕೊಂಡು ಶಿಬಿರದಿಂದ ಶಿಬಿರಕ್ಕೆ ಅಲೆದರು. ಇಷ್ಟು ಪ್ರತಿಶತ ಅಂಗವೈಕಲ್ಯವೆಂಬ ಅಂಕವನ್ನು ವೈದ್ಯರು ಬರೆಯಬೇಕಾದರೆ ದೇಹವನ್ನು ತೋರಿಸಲೇಬೇಕಾಗಿತ್ತು. ಹೀಗಿರಲಾಗಿ ಮರೆಯ ಮಾತನ್ನಾಡುವವರು ಹೊಟ್ಟೆ ತುಂಬಿದವರು; ಹಸಿದವನಿಗೆ ಅನ್ನ ಮೊದಲು, ಮಾನ ಆಮೇಲೆ, ಎಂಬುದು ಪೂರ್ವಪಕ್ಷ.

ಇದಕ್ಕೆ ಉತ್ತರವನ್ನು ಅವಸರದಿಂದ ಹೇಳಲಾಗದು. ಆ ತಾಯಂದಿರು ಮಾಡಿದುದು ತಪ್ಪೆಂದು ಹೇಳುವವನ ನಾಲಗೆ ಸೇದಿಹೋಗಲಿ. ಆದರೆ ಸಾಕ್ಷ್ಯ ಬೇರೆ, ಪ್ರದರ್ಶನ ಬೇರೆ. ಸಾಕ್ಷ್ಯಕ್ಕೆ ಒಂದು ನ್ಯಾಯಸ್ಥಾನವುಂಟು, ಒಂದು ಪ್ರಯೋಜನವುಂಟು, ಒಂದು ಮುಕ್ತಾಯವುಂಟು. ಗಾಯವನ್ನು ವೈದ್ಯನಿಗೆ ತೋರಿಸುವವನು ಅದೇ ಗಾಯವನ್ನು ಸಂತೆಯಲ್ಲಿ ಬಿಚ್ಚಿ ಕೂರುವುದಿಲ್ಲ. ಅನ್ಯಾಯವನ್ನು ಜಗತ್ತಿಗೆ ತಿಳಿಸುವುದಕ್ಕಾಗಿ ಒಮ್ಮೆ ತೆರೆದ ಬಾಗಿಲು ಅನ್ಯಾಯ ತಿಳಿದ ಮೇಲೂ ತೆರೆದೇ ಉಳಿದರೆ, ಅದರ ಮೂಲಕ ಬರುವುದು ನ್ಯಾಯವಲ್ಲ, ಕುತೂಹಲ. 2011ರ ಮೊದಲು ತೆಗೆದ ಚಿತ್ರಕ್ಕೂ ಇಂದು ಹುಟ್ಟುಹಬ್ಬದ ದಿನ ತೆಗೆಯುವ ಚಿತ್ರಕ್ಕೂ ಹೊರನೋಟಕ್ಕೆ ಭೇದವಿಲ್ಲ. ಎರಡರಲ್ಲಿಯೂ ಅದೇ ತಿರುಚಿದ ಕೈ. ಮೊದಲನೆಯದರಲ್ಲಿ ಆ ಕೈ ಅಪರಾಧಿಯ ಕಡೆಗೆ ಬೆರಳು ತೋರಿತು. ಎರಡನೆಯದರಲ್ಲಿ ಅದು ದಾನಿಯ ಮುಖಕ್ಕೆ ಚೌಕಟ್ಟಾಯಿತು.

ಅನ್ನ ಮೊದಲು, ಮಾನ ಆಮೇಲೆ ಎಂಬ ಮಾತನ್ನೂ ಪರೀಕ್ಷಿಸಬೇಕು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣರು ಬಗೆಬಗೆಯಾಗಿ ಬೋಧಿಸಿದ್ದಾರೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಉಣ್ಣುವ ಜಂಗಮನು ಒಡೆಯ. ಒಡೆಯನು ಉಣ್ಣುವಾಗ ದಾಸನು ಅವನ ಬಾಯನ್ನು ದಿಟ್ಟಿಸಿ ನೋಡುವುದುಂಟೆ? ಮಠದ ಪಂಕ್ತಿಯಲ್ಲಿ ಬಡಿಸುವ ಹುಡುಗರಿಗೆ ಹಿರಿಯರು ಕಲಿಸುವ ಮೊದಲ ಪಾಠವೇ ಎಲೆಯನ್ನು ನೋಡಬೇಕು, ಮುಖವನ್ನು ನೋಡಬಾರದು ಎಂಬುದು. ಅನ್ನವನ್ನು ಕೊಟ್ಟು ಪ್ರತಿಯಾಗಿ ಉಣ್ಣುವವನ ಮುಖದ ಚಿತ್ರವನ್ನು ಕೊಂಡರೆ ಅಲ್ಲಿ ನಡೆದುದು ಕ್ರಯವಿಕ್ರಯ. ಅದರಲ್ಲಿ ಬೆಲೆ ಕೊಟ್ಟವನು ಬಡವನೇ. ಅವನಲ್ಲಿದ್ದ ಒಂದೇ ಸ್ವತ್ತನ್ನು ಒಂದು ಬಾಳೆಹಣ್ಣಿಗೆ ಕೊಂಡಂತಾಯಿತು.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಅನುಭವಮಂಟಪಕ್ಕೆ ಬಂದ ಪ್ರಸಂಗ ಎಲ್ಲರಿಗೂ ಪರಿಚಿತ. ಉಡುಗೆಯನ್ನೇ ತೊರೆದವಳು ಕೂದಲಿನಿಂದ ಮೈಯನ್ನು ಏಕೆ ಮರೆಮಾಡಿದಳೆಂದು ಅಲ್ಲಮಪ್ರಭುಗಳು ಕೆಣಕುತ್ತಾರೆ. ತನ್ನ ನಾಚಿಕೆಗಾಗಿ ಅಲ್ಲ, ನೋಡುವವರಿಗೆ ನೋವಾಗಬಾರದೆಂದು ಎಂಬ ಅರ್ಥದ ಉತ್ತರವನ್ನು ಆಕೆ ಕೊಡುತ್ತಾಳೆ. ವ್ಯಾಖ್ಯಾನಕಾರರು ಇಲ್ಲಿ ಅಕ್ಕನ ವೈರಾಗ್ಯವನ್ನು ವಿಸ್ತರಿಸುತ್ತಾರೆ, ಅದು ಯುಕ್ತವೇ. ಪ್ರಕೃತಕ್ಕೆ ಬೇಕಾದುದು ಇನ್ನೊಂದು ಅಂಶ. ಏನನ್ನು ತೆರೆಯಬೇಕು, ಏನನ್ನು ಮುಚ್ಚಬೇಕೆಂಬುದನ್ನು ನಿರ್ಣಯಿಸಿದವಳು ಅಕ್ಕನೇ. ಅರಮನೆಯನ್ನು ಬಿಟ್ಟಳು, ಆಭರಣವನ್ನು ಬಿಟ್ಟಳು, ವಸ್ತ್ರವನ್ನೂ ಬಿಟ್ಟಳು. ಆ ನಿರ್ಣಯದ ಅಧಿಕಾರವನ್ನು ಬಿಡಲಿಲ್ಲ. ಪ್ರಭುಗಳೂ ಆಕೆಯನ್ನು ಪ್ರಶ್ನೆ ಕೇಳಿದರೇ ಹೊರತು ಕೂದಲನ್ನು ಸರಿಸಲಿಲ್ಲ.

ಮಾತಿಲ್ಲದವನ ನಿರ್ಣಯವನ್ನು ತಿಳಿಯುವುದು ಹೇಗೆ ಎಂಬ ಶಂಕೆ ಸಹಜ. ತಂದೆತಾಯಿ ಒಪ್ಪಿದ್ದಾರೆ, ಸಂಸ್ಥೆಯವರು ಒಪ್ಪಿದ್ದಾರೆ, ಇನ್ನಾರ ಒಪ್ಪಿಗೆ ಬೇಕು ಎನ್ನುವವರುಂಟು. ಪೋಷಕನ ಒಪ್ಪಿಗೆ ನ್ಯಾಸದಂತೆ. ಒಬ್ಬನು ನಂಬಿ ಇಟ್ಟ ಒಡವೆಯನ್ನು ಇಟ್ಟುಕೊಂಡವನು ಕಾಯಬೇಕು, ಊರಿಗೆ ಹಂಚಬಾರದು. ಅಲ್ಲದೆ ಮಾತಿಲ್ಲದವನಿಗೆ ಭಾಷೆಯಿಲ್ಲವೆಂಬುದು ಸುಳ್ಳು. ಮುಖ ತಿರುಗಿಸುವುದು, ಕಿವಿ ಮುಚ್ಚುವುದು, ಅಂಗಿಯ ತುದಿಯನ್ನು ಕಚ್ಚುವುದು, ಎದ್ದು ಬಾಗಿಲ ಕಡೆಗೆ ನಡೆಯುವುದು ಇವೆಲ್ಲವೂ 'ಒಲ್ಲೆ' ಎಂಬುದರ ರೂಪಗಳು. ನ್ಯಾಯಾಲಯದಲ್ಲಿಯೂ ಈ ವಿಚಾರ ಬಲಗೊಂಡಿದೆ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು; ಎಂಬತ್ತು ದಾಟಿದ ವಯಸ್ಸಿನಲ್ಲಿ ಅದನ್ನು ಹೂಡಿದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಹಕ್ಕು ಪ್ರಜೆಯದು, ಮಾತು ಬಲ್ಲ ಪ್ರಜೆಯದೆಂದು ಎಲ್ಲಿಯೂ ಹೇಳಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮೊದಲಿನ ಏಳು ಬಗೆಗಳನ್ನು ಇಪ್ಪತ್ತೊಂದಕ್ಕೆ ಏರಿಸಿ ಆಟಿಸಂ ಅನ್ನೂ ಸೇರಿಸಿತು. ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ವಿಕಲಚೇತನರ ಖಾಸಗಿತನಕ್ಕೆ ಪ್ರತ್ಯೇಕ ವಿಧಿಯೇ ಇದೆ. ಆದರೆ ಕಾಯದೆಯ ಪುಸ್ತಕ ಸ್ನಾನದ ಮನೆಯ ಬಾಗಿಲನ್ನು ಮುಚ್ಚಲಾರದು.

ಸ್ನಾನದ ಮನೆಯ ಮಾತನ್ನು ಸಂಕೋಚವಿಲ್ಲದೆ ಆಡಬೇಕಾಗಿದೆ. ಇಪ್ಪತ್ತೈದು ವರ್ಷದ ಹೆಣ್ಣುಮಗಳಿಗೆ ತಿಂಗಳ ಬಟ್ಟೆಯನ್ನು ಬದಲಿಸುವವರು ಯಾರು? ಅವಳ ಮುಂದೆಯೇ ಆ ವಿಷಯವನ್ನು ಇನ್ನೊಬ್ಬರೊಂದಿಗೆ ಗಟ್ಟಿಯಾಗಿ ಮಾತನಾಡುವುದುಂಟೇ? ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಆರೈಕೆ ಮಾಡುವಷ್ಟು ಜನರಿದ್ದಾರೆಯೇ? ಒದ್ದೆಯಾದವನ ಬಟ್ಟೆಯನ್ನು ಸಾಲಿನಲ್ಲಿಯೇ ಬಿಚ್ಚುವರೋ, ಒಳಗೆ ಕರೆದೊಯ್ದು ಬಿಚ್ಚುವರೋ? 'ಅವನಿಗೇನು ತಿಳಿಯುತ್ತದೆ' ಎಂಬ ಒಂದು ಮಾತು ಈ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತದೆ. ಅವನಿಗೆ ತಿಳಿಯದಿರಬಹುದು. ತಿಳಿಯಲೂಬಹುದು. ಎರಡರಲ್ಲಿ ಯಾವುದೆಂದು ನಿಶ್ಚಯವಿಲ್ಲದಿರುವಾಗ ತಿಳಿಯುತ್ತದೆಯೆಂದೇ ನಡೆದುಕೊಂಡವನಿಗೆ ಹಾನಿಯೇನು? ಪರದೆ ಎಳೆಯುವ ಶ್ರಮ ಒಂದೇ. ತಿಳಿಯುವುದಿಲ್ಲವೆಂದು ನಡೆದುಕೊಂಡು ಆ ಬಳಿಕ ತಿಳಿಯುತ್ತಿತ್ತೆಂದು ಗೊತ್ತಾದರೆ ಆ ಋಣವನ್ನು ತೀರಿಸುವ ದಾರಿ ಯಾವುದು?

'ಮಗು' ಎಂಬ ಸಂಬೋಧನೆಯ ಕೆಡುಕೂ ಇಲ್ಲಿಯೇ ಬೇರುಬಿಟ್ಟಿದೆ. ಅದು ಪ್ರೀತಿಯಿಂದ ಬಂದ ಮಾತು. ಕೇಂದ್ರಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಅಲ್ಪ ಸಂಬಳಕ್ಕೆ ಹೆತ್ತ ತಾಯಂದಿರಂತೆ ಒರೆಸಿ ತೊಳೆಯುವುದನ್ನು ಕಂಡವರು ಅದನ್ನು ಅಪಹಾಸ್ಯ ಮಾಡಲಾರರು. ಆದರೆ ಮಗುವಿಗೆ ಮರೆ ಬೇಡವಷ್ಟೆ. ನಲವತ್ತರ ಗಂಡಸನ್ನು ಮಗುವೆಂದು ಕರೆದ ಕೂಡಲೇ ಅವನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಕರೆಯುವ ಮಾತೊಂದರಲ್ಲಿಯೇ ಮನುಷ್ಯನನ್ನು ಏರಿಸಲೂ ಇಳಿಸಲೂ ಬರುವುದೆಂದು ಬಸವಣ್ಣನವರು ಎಚ್ಚರಿಸಿದುದನ್ನು ಭಕ್ತರು ಬಲ್ಲರು. ಅವನಿಗೆ ಹೆಸರಿದೆ. ಊರಿನಲ್ಲಿ ಅವನ ಓರಗೆಯವರನ್ನು 'ಅಣ್ಣ' ಎಂದು ಕರೆಯುವುದಾದರೆ ಅವನೂ ಅಣ್ಣನೇ.

ಇನ್ನೊಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. ಮೊದಲನೆಯದಕ್ಕಿಂತ ಇದು ಹೆಚ್ಚು ಭಾರವಾದುದು. ಮುಚ್ಚಿದ ಬಾಗಿಲಿನ ಹಿಂದೆ ಹಿಂಸೆ ನಡೆಯುವುದಿಲ್ಲವೇ? ಹಿಂದೆ ಎಷ್ಟೋ ಮನೆಗಳಲ್ಲಿ ಇಂಥ ಮಗನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ, ನೆಂಟರು ಬಂದರೆ ಸದ್ದು ಕೇಳದಂತೆ ಬಾಗಿಲು ಜಡಿಯುತ್ತಿದ್ದರು. ತಂಗಿಯ ಮದುವೆ ತಪ್ಪೀತೆಂಬ ಭಯದಿಂದ ಅವನೆಂಬವನು ಇಲ್ಲವೇ ಇಲ್ಲವೆಂದು ನಟಿಸುತ್ತಿದ್ದರು. ಆ ಕತ್ತಲೆಯಿಂದ ಅವನನ್ನು ಹೊರತರುವುದಕ್ಕೆ ಒಂದು ತಲೆಮಾರು ಹಿಡಿಯಿತು. ಈಗ ಮರೆಯ ಹೆಸರಿನಲ್ಲಿ ಪುನಃ ಅದೇ ಕೋಣೆಗೆ ಕಳುಹಿಸಬೇಕೇ? ಕೇಂದ್ರದಲ್ಲಿ ಹೊಡೆತ ಬಡಿತವಾದರೆ ಹೊರಗಿನವರಿಗೆ ತಿಳಿಯುವುದು ಹೇಗೆ?

ಆಕ್ಷೇಪ ಮಾಡಿದವರ ಭಯ ನಿಜವಾದುದು. ಅದಕ್ಕೆ ಪರಿಹಾರವೂ ಇದೆ. ಆದರೆ ಅದು ಬಾಳೆಹಣ್ಣು ತಂದವರ ಕಣ್ಣಲ್ಲ. ಹುಟ್ಟುಹಬ್ಬಕ್ಕೆ ಅರ್ಧ ಗಂಟೆ ಬಂದವರು ಯಾವ ಹಿಂಸೆಯನ್ನು ಕಂಡುಹಿಡಿದಾರು? ಅಂದು ಎಲ್ಲರಿಗೂ ಒಗೆದ ಬಟ್ಟೆ ತೊಡಿಸಿರುತ್ತಾರೆ. ಪರಿಶೀಲನೆಗೆ ಅಧಿಕಾರವುಳ್ಳವರು ಮುನ್ಸೂಚನೆಯಿಲ್ಲದೆ ಬರಬೇಕು. ತಂದೆತಾಯಿಗೆ ಯಾವ ಹೊತ್ತಿನಲ್ಲಿಯೂ ಬಾಗಿಲು ತೆರೆದಿರಬೇಕು. ಮೈಯ ಮೇಲಿನ ಬಾಸುಂಡೆಯನ್ನು ಗುರುತಿಸುವ ವೈದ್ಯನು ನಿಯತವಾಗಿ ನೋಡಬೇಕು. ಮರೆಯು ಪ್ರೇಕ್ಷಕನಿಗೇ ಹೊರತು ರಕ್ಷಕನಿಗಲ್ಲ. ಕೂಡಿಹಾಕಿದ ಕೋಣೆಗೂ ಏಕಾಂತದ ಕೋಣೆಗೂ ಗೋಡೆಗಳು ನಾಲ್ಕೇ, ಬಾಗಿಲು ಒಂದೇ. ಭೇದವಿರುವುದು ಅಗಳಿ ಯಾವ ಕಡೆಗಿದೆಯೆಂಬುದರಲ್ಲಿ. ಹೊರಗಡೆಯ ಅಗಳಿ ಸೆರೆಮನೆಯದು, ಒಳಗಡೆಯದು ಮನೆಯದು. ಅಗಳಿ ಹಾಕಲು ಕೈಲಾಗದವನಿಗೆ ಅವನ ಸನ್ನೆಯೇ ಅಗಳಿಯಾಗಬೇಕು.

ಸಂತ್ರಸ್ತರ ತಾಯ್ತಂದೆಗಳು ವೃದ್ಧರಾಗುತ್ತಿದ್ದಾರೆ. ಹಗಲಿನ ಕೇಂದ್ರ ಸಾಲದು, ತಾವು ಕಣ್ಣುಮುಚ್ಚಿದ ಮೇಲೆ ಮಕ್ಕಳು ಇರುವುದಕ್ಕೆ ಶಾಶ್ವತ ಪುನರ್ವಸತಿ ಬೇಕು ಎಂಬ ಬೇಡಿಕೆ ಆ ಭಾಗದಲ್ಲಿ ಬಹುಕಾಲದಿಂದ ಕೇಳಿಬಂದಿದೆ. ಈ ಬೇಡಿಕೆ ನೆರವೇರಿದರೆ ಮರೆಯ ಪ್ರಶ್ನೆ ಇನ್ನೂ ತೀಕ್ಷ್ಣವಾಗುವುದು. ಏಕೆಂದರೆ ಅಲ್ಲಿ ಸಂಜೆಗೆ ಮರಳುವ ಮನೆಯೆಂಬುದೇ ಇರುವುದಿಲ್ಲ. ಆ ಕೇಂದ್ರವೇ ಮನೆಯಾಗಬೇಕು. ಕೇಳದೆ ಒಳನುಗ್ಗುವ ಅಪರಿಚಿತರನ್ನು ಯಾವ ಗೃಹಸ್ಥನು ತನ್ನ ಮಲಗುವ ಕೋಣೆಗೆ ಬಿಟ್ಟಾನು? ದಾನ ಕೊಡಬಯಸುವ ಭಕ್ತರು ಅಕ್ಕಿಯನ್ನು ಕಚೇರಿಯಲ್ಲಿ ಇಳಿಸಿ ರಶೀದಿ ಪಡೆದು ಮರಳಬಹುದು. ನೋಡಲೇಬೇಕೆಂಬ ಹಂಬಲವಿದ್ದರೆ ಒಮ್ಮೆ ಬಂದು ಹೋಗುವ ಬದಲು ಪ್ರತಿ ಸೋಮವಾರ ಬರಲಿ, ಫೋನನ್ನು ಬಾಗಿಲಲ್ಲಿಟ್ಟು ಬರಲಿ, ಆರು ತಿಂಗಳು ಬರಲಿ. ಏಳನೆಯ ತಿಂಗಳು ಅವರು ಅಪರಿಚಿತರಾಗಿ ಉಳಿದಿರುವುದಿಲ್ಲ; ಪ್ರಾಯಶಃ ಚಿತ್ರ ತೆಗೆಯುವ ಆಸೆಯೂ ಉಳಿದಿರುವುದಿಲ್ಲ.

ದೃಷ್ಟಾಂತದ ಆ ತಾಯಿಯ ಕಡೆಗೆ ಪುನಃ ಬರಬಹುದು. ಆಕೆಗೆ ಎಪ್ಪತ್ತಾಗಿದೆ, ಮೊಣಕಾಲು ಹಿಡಿದಿದೆ. ಒಂದು ಬೆಳಗ್ಗೆ ವ್ಯಾನಿನೊಂದಿಗೆ ಆಕೆಯೂ ಕೇಂದ್ರಕ್ಕೆ ಬರುತ್ತಾಳೆ. ಹೊಸದಾಗಿ ಸೇರಿದ ಆರೈಕೆಯ ಹುಡುಗಿಯನ್ನು ಬಳಿಗೆ ಕರೆಯುತ್ತಾಳೆ. ತಲೆಯ ಮೇಲೆ ನೀರು ಹೊಯ್ಯುವ ಮೊದಲು ಅಂಗೈಗೆ ಹೊಯ್ಯಬೇಕು. ಹಿಂದಿನಿಂದ ಮುಟ್ಟಬಾರದು. ಊಟದ ತಟ್ಟೆಯನ್ನು ಗೋಡೆಯ ಬದಿಗೆ ಇಡಬೇಕು. ಅವನು ಗೋಡೆಗೆ ಮುಖಮಾಡಿಯೇ ಉಣ್ಣುವವನು.

'ತಿರುಗಿಸಿ ಕೂರಿಸಿದರೆ ಆಗುವುದಿಲ್ಲವೇ, ಅಮ್ಮಾ?' 

'ಬೇಡ ಮಗಾ. ಉಂಡಾದ ಮೇಲೆ ಅವನೇ ತಿರುಗುತ್ತಾನೆ.'